ಒಂದೇ ಸಲ ಸಾವಿರ ಹಾಕಿಸಬಾರದಾ?

ನನ್ನ ಫೋಟೋ ಕಾರ್ಡನ್ನು ಕೈಗೆ ತಗೊಂಡು ತಿರುಗಿಸಿ ನೋಡಿದವರು ಎರಡನೇ ಮಾತಿಗೇ ಇದನ್ನು ಕೇಳುತ್ತಾರೆ. "ಒಂದೊಂದನ್ನೂ ಕೈಯಲ್ಲೇ ಅಂಟಿಸ್ತೀರಾ? ಪ್ರೆಸ್ಸಿಗೆ ಕೊಟ್ಟು ಒಂದೇ ಸಲ ಸಾವಿರ ಹಾಕಿಸಬಾರದಾ?" ಕಳೆದ ವಾರ ಸಾಗರದಲ್ಲಿ ಕಾರ್ಡ್ ಇಟ್ಟುಕೊಳ್ಳುವ ಅಂಗಡಿಯವರು ಕೇಳಿದರು. ಮೊನ್ನೆ ಊಟಕ್ಕೆ ಬಂದ ಭಾವನೂ ಅದನ್ನೇ ಕೇಳಿದರು. ಕೇಳುವವರೆಲ್ಲ ನನ್ನ ಒಳ್ಳೆಯದಕ್ಕೇ ಕೇಳುವುದು, ಅದು ಗೊತ್ತು. ಆದರೆ ನಿಂತಲ್ಲೇ ಹೇಳಿ ಮುಗಿಸುವಷ್ಟು ಚಿಕ್ಕ ಉತ್ತರ ಅಲ್ಲ ಇದು.

ನಾನು ಮಾಡುವುದು ಇಷ್ಟು. ನಮ್ಮ ಸುತ್ತಮುತ್ತ ನಾನೇ ತೆಗೆದ ಫೋಟೋ, 4×6 ಇಂಚಿನ ಪ್ರಿಂಟ್. ಅದನ್ನು ಮಡಚಿದ ದಪ್ಪ ಕಾಗದದ ಮೇಲೆ ಅಂಟಿಸಿ, ಒಳಗೆ ಖಾಲಿ ಬಿಟ್ಟು, ಜೊತೆಗೊಂದು ಕವರ್ ಇಡುತ್ತೇನೆ. ಒಳಗೆ ಏನು ಬರೆಯಬೇಕು ಅನ್ನುವುದು ತಗೊಂಡವರಿಗೆ ಬಿಟ್ಟಿದ್ದು.

ಸಾವಿರ ಹಾಕಿಸಿಯೂ ನೋಡಿದ್ದೇನೆ. ಶುರು ಮಾಡಿದ ವರ್ಷವೇ, ಮೇ ತಿಂಗಳಲ್ಲಿ. ನಾಲ್ಕು ಚಿತ್ರ, ಒಂದೊಂದು ಇನ್ನೂರೈವತ್ತು. ಬಂಡಲ್ ಬಂದ ದಿನ ಮನೆಯವರೆಲ್ಲ ಸುತ್ತ ಕೂತು ಬಿಚ್ಚಿದೆವು. ಇನ್ನೂರು ಚಿಲ್ಲರೆ ಮಾರಾಟವಾಗುವ ಹೊತ್ತಿಗೆ ಆರಿದ್ರಾ ಮಳೆ ಹಿಡಿಯಿತು. ಆಮೇಲೆ ಪುನರ್ವಸು, ಪುಷ್ಯ ಎರಡೂ ಬಿಡಲಿಲ್ಲ. ನಮ್ಮ ಕಡೆ ಮಳೆಗಾಲ ಅಂದರೆ ಬಾಗಿಲು ಉಬ್ಬಿ ಚಿಲಕ ಹಾಕಕ್ಕಾಗದ ಕಾಲ. ಚಪ್ಪಲಿಗೆ, ಬೆಲ್ಟಿಗೆ, ದೇವರ ಫೋಟೋದ ಚೌಕಟ್ಟಿಗೆ ಎಲ್ಲಕ್ಕೂ ಬೂಷ್ಟು. ಶ್ರಾವಣದಲ್ಲಿ ಒಂದು ದಿನ ಬಿಸಿಲು ಬಿತ್ತು ಅಂತ ಡಬ್ಬ ತೆಗೆದರೆ, ಕವರುಗಳೆಲ್ಲ ತಾವೇ ಮುಚ್ಚಿಕೊಂಡಿದ್ದವು. ಗಾಳಿಯ ಪಸೆಗೇ ಅಂಚಿನ ಗೋಂದು ಕರಗಿ ಅಂಟಿತ್ತು. ಕಾರ್ಡಿನ ಮಡಿಕೆಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕಿ. ಒರೆಸಿದರೆ ಹೋಗಲಿಲ್ಲ. ಅರ್ಧಕ್ಕಿಂತ ಜಾಸ್ತಿ ಬಚ್ಚಲೊಲೆಗೆ ಹೋಯಿತು. ಪ್ರೆಸ್ಸಿನವರ ತಪ್ಪಲ್ಲ ಅದು. ಮಲೆನಾಡಿನಲ್ಲಿ ಕೂತು ಕಾಗದವನ್ನು ಹೊರೆಗಟ್ಟಲೆ ಇಟ್ಟುಕೊಳ್ಳಬಾರದು ಅನ್ನುವುದು ನನಗೆ ಗೊತ್ತಿರಬೇಕಿತ್ತು.

ಈಗ ಒಂದು ಚಿತ್ರದ್ದು ಇಪ್ಪತ್ತಕ್ಕಿಂತ ಜಾಸ್ತಿ ಮಾಡಿಡುವುದಿಲ್ಲ. ಮುಗಿದಂತೆ ಮಾಡುತ್ತೇನೆ. ಎಲ್ಲವೂ ಎರಡು ಗಾಳಿಯಾಡದ ಡಬ್ಬಗಳಲ್ಲಿ ಹಿಡಿಸುತ್ತದೆ, ಒಳಗೆ ಪಸೆ ಹೀರಿಕೊಳ್ಳುವ ಸಿಲಿಕಾ ಜೆಲ್ ಪೊಟ್ಟಣ. ಫೋಟೋ ಪ್ರಿಂಟಿಗೂ ಪಸೆ ಆಗಿಬರುವುದಿಲ್ಲ. ಹಳೇ ಮದುವೆ ಆಲ್ಬಮ್ಮಿನಲ್ಲಿ ಫೋಟೋ ಪ್ಲಾಸ್ಟಿಕ್ಕಿಗೆ ಮೆತ್ತಿಕೊಂಡಿರುವುದನ್ನು ನೀವೂ ನೋಡಿರ್ತೀರಿ ಅಲ್ವಾ? ಫೋಟೋ ಪೇಪರಿನ ಮೇಲಿರುವುದು ಜೆಲಾಟಿನ್ ಪದರ. ನೀರು ಕುಡಿದರೆ ಉಬ್ಬಿ ಅಂಟಂಟಾಗುತ್ತದೆ. ಅದಕ್ಕೇ ಎರಡು ಪ್ರಿಂಟಿನ ಮುಖ ಒಂದಕ್ಕೊಂದು ತಾಗದ ಹಾಗೆ ನಡುವೆ ಬಟರ್ ಪೇಪರ್ ಇಡುತ್ತೇನೆ.

ಇನ್ನೊಂದು ಕಾರಣ ಹಸಿರು. ನಮ್ಮಲ್ಲಿ ಮಳೆ ನಿಂತ ಮೇಲೆ ಒಂದೇ ಹಸಿರು ಇರುವುದಿಲ್ಲ. ಗದ್ದೆಯದ್ದು ಎಳೆ ಹಸಿರು, ಅಡಿಕೆ ತೋಟದ್ದು ಕಪ್ಪು ಹಸಿರು, ಕಲ್ಲಿನ ಮೇಲಿನ ಪಾಚಿಯದ್ದು ಅರಿಶಿನ ಕಲಸಿದ ಹಸಿರು. ಪ್ರೆಸ್ಸಿನಲ್ಲಿ ನಾಲ್ಕು ಶಾಯಿಯ ಸಣ್ಣ ಚುಕ್ಕಿಗಳನ್ನು ಸೇರಿಸಿ ಬಣ್ಣ ತರುತ್ತಾರೆ. ಹೊಳೆಯುವ ಹಸಿರು ಆ ಚುಕ್ಕಿಗಳಿಗೆ ಸುಲಭಕ್ಕೆ ಸಿಗುವುದಿಲ್ಲ. ನನ್ನ ಸಾವಿರದಲ್ಲಿ ಕವಲೇದುರ್ಗದ ಚಿತ್ರವೂ ಇತ್ತು. ಕೋಟೆಯ ಕಲ್ಲಿನ ಪಾಚಿ ಮಾಸಿದ ಬೂದಿ ಬಣ್ಣಕ್ಕೆ ಬಂದಿತ್ತು. ಭೂತಗನ್ನಡಿ ಹಿಡಿದು ನೋಡಿದರೆ ಬರೀ ಚುಕ್ಕಿ. ಅದೇ ಚಿತ್ರವನ್ನು ಶಿವಮೊಗ್ಗದ ಲ್ಯಾಬಿನಲ್ಲಿ ಫೋಟೋ ಪೇಪರಿನ ಮೇಲೆ ಹಾಕಿಸಿದಾಗ ಚುಕ್ಕಿ ಇಲ್ಲ. ಬಣ್ಣ ಒಂದರೊಳಗೊಂದು ಕರಗಿದ ಹಾಗಿದೆ, ಪಾಚಿಯ ಮೇಲೆ ಕೂತ ನೀರ ಹನಿಯೂ ಕಾಣುತ್ತದೆ. ಮೊದಲು ಒಂದೇ ಒಂದು ಪ್ರಿಂಟ್ ತೆಗೆಸಿ ನೋಡುತ್ತೇನೆ. ಸರಿ ಇಲ್ಲದಿದ್ದರೆ ಮನೆಗೆ ಬಂದು ತಿದ್ದಿ ಮತ್ತೆ ಕೊಡುತ್ತೇನೆ. ಸಾವಿರದಲ್ಲಿ ಆ ಎರಡನೇ ಅವಕಾಶ ಇಲ್ಲ.

ಆದರೆ ನನ್ನ ಮನಸ್ಸಿನಲ್ಲಿ ನಿಜವಾಗಿ ಉಳಿದಿರುವ ಕಾರಣ ಲಾಂಚಿನ ಚಿತ್ರ.

ಶರಾವತಿ ಹಿನ್ನೀರಿನ ಲಾಂಚ್ ಗೊತ್ತಲ್ಲ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ದಾಟಿಸುತ್ತಿದ್ದದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ನೀರು ನಿಂತ ಮೇಲೆ ಆಚೆ ದಡದ ಊರುಗಳಿಗೆ ಸಾಗರದ ಕಡೆ ಬರಲು ನೀರೇ ಹತ್ತಿರದ ದಾರಿಯಾಗಿತ್ತು. ನನ್ನ ಹತ್ತಿರ ಅದರದ್ದೊಂದು ಹಳೇ ಫೋಟೋ ಇತ್ತು. ಲಾಂಚಿನ ಮೇಲೆ ಒಂದು ಬಸ್ಸು, ಎರಡು ಬೈಕು, ಅಂಚಿನಲ್ಲಿ ಕೊಡೆ ಮಡಚಿ ಹಿಡಿದು ನಿಂತ ಹೆಂಗಸು. ಆ ಕಾರ್ಡ್ ಅಷ್ಟೇನೂ ಹೋಗುತ್ತಿರಲಿಲ್ಲ. 2025ರ ಜುಲೈ 14ಕ್ಕೆ ಸೇತುವೆ ತೆರೆಯಿತು, ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ್ದು. ಅಲ್ಲಿಂದ ಮುಂದೆ ಎಲ್ಲರೂ ಕೇಳುವುದು ಲಾಂಚೇ. ಜೋಗಕ್ಕಿಂತ ಜಾಸ್ತಿ.

ಹಾಗೆ ತಗೊಂಡವರಲ್ಲಿ ಆಚೆ ದಡದ ತುಮರಿ ಕಡೆಯ ಒಬ್ಬರು ಹೆಣ್ಣುಮಗಳು, ಈಗ ಬೆಂಗಳೂರಿನಲ್ಲಿರುವವರು. ಕಾರ್ಡಿನ ಹಿಂದೆ ನಾನು, ಆಚೆ ದಡದ ದೇವಸ್ಥಾನದ ಊರಿನ ಹೆಸರು ಹಿಡಿದು, 'ಸಿಗಂದೂರು ಲಾಂಚ್' ಅಂತ ಬರೆದಿದ್ದೆ. ಫೋನ್ ಮಾಡಿದರು. "ಅಕ್ಕ, ಸಿಗಂದೂರಿಗೆ ಬರೋರು ವರ್ಷಕ್ಕೊಂದು ಸಲ ಹತ್ತೋರು. ನಾವು ಕಾಲೇಜಿಗೆ, ಆಸ್ಪತ್ರೆಗೆ, ದಿಬ್ಬಣಕ್ಕೆ ಎಲ್ಲಾ ಅದ್ರಲ್ಲೇ ಹೋದೋರು. ನಮ್ಮೂರ ಹೆಸರು ಹಾಕಬಾರದಾ?" ಬೇಜಾರಿನಲ್ಲಿ ಹೇಳಿದ ಮಾತಲ್ಲ, ಆದರೆ ನನಗೆ ಚುರುಕ್ ಅಂತು. ಅವತ್ತು ರಾತ್ರಿಯೇ ಉಳಿದ ಹದಿನಾಲ್ಕು ಕಾರ್ಡಿನ ಚೀಟಿ ಕಿತ್ತು 'ಅಂಬಾರಗೋಡ್ಲು–ಕಳಸವಳ್ಳಿ ಲಾಂಚ್' ಅಂತ ಬರೆದು ಹಾಕಿದೆ. ಅವರಿಗೆ ಮಾತ್ರ 'ತುಮರಿಯಿಂದ ಬರುವಾಗ' ಅಂತ ಬೇರೆ ಬರೆದು ಆರು ಕಳಿಸಿದೆ. ಅಮ್ಮನಿಗೊಂದು, ಅಕ್ಕಂದಿರಿಗೆಲ್ಲ ಒಂದೊಂದು ಕಳಿಸಿದರಂತೆ. ಸಾವಿರ ಹಾಕಿಸಿದ್ದರೆ ಏನು ಮಾಡುತ್ತಿದ್ದೆ ಹೇಳಿ? "ಮುಂದಿನ ಸಲ ನೋಡೋಣ" ಅಂದು ಫೋನ್ ಇಡುತ್ತಿದ್ದೆ.

ಕೈಕೆಲಸ ಕಷ್ಟ ಅಂತ ಕನಿಕರಪಡುವವರಿಗೆ ಒಂದು ಮಾತು. ಅದರಲ್ಲಿ ಕಲಿಯುವುದು ಬಹಳ ಇದೆ. ಕಾಗದಕ್ಕೂ ನಾರಿನ ದಿಕ್ಕು ಇರುತ್ತದೆ. ಹಾಳೆಯನ್ನು ಎರಡೂ ಕಡೆಯಿಂದ ಮೆತ್ತಗೆ ಬಗ್ಗಿಸಿ ನೋಡಿದರೆ ಒಂದು ಕಡೆಗೆ ಸುಲಭಕ್ಕೆ ಬಾಗುತ್ತದೆ. ಮಡಿಕೆ ಆ ಕಡೆಗೇ ಬರಬೇಕು. ಅಡ್ಡ ಮಡಚಿದರೆ ಅಂಚು ಒಡೆದು ಬಿಳಿ ಎದ್ದು ಕಾಣುತ್ತದೆ. ಹಾಗಾಗಿ 22×28 ಇಂಚಿನ ದೊಡ್ಡ ಶೀಟ್ ತಂದು ನಾನೇ ಕತ್ತರಿಸುತ್ತೇನೆ, ಒಂದರಲ್ಲಿ ಎಂಟು ಕಾರ್ಡ್. ಸ್ಟೀಲ್ ಸ್ಕೇಲ್ ಇಟ್ಟು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಗೆರೆ ಎಳೆದು, ಆಮೇಲೆ ಮಡಚುವುದು. ಬಿಳಿ ಗೋಂದಿನಲ್ಲಿ ನೀರು ಇರುವುದರಿಂದ ಕಾಗದ ಸುಕ್ಕಾಗುತ್ತದೆ. ಡಬಲ್ ಸೈಡ್ ಟೇಪೇ ಸರಿ.

ಮೊದಲು 300 ಜಿಎಸ್‌ಎಂ ಕಾಗದ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವುದು, ಬಳಸುತ್ತಿದ್ದೆ. ಕೈಗೆ ಗಟ್ಟಿ, ಚಂದ. ಒಂದು ದಿನ ಪೋಸ್ಟಾಫೀಸಿನಲ್ಲಿ ತೂಗಿದರೆ ಕವರ್ ಸೇರಿ 22 ಗ್ರಾಂ ದಾಟಿತು. 20 ಗ್ರಾಂ ಒಳಗಿನ ಅಂಚೆಗೆ 5 ರೂಪಾಯಿ ಸ್ಟಾಂಪ್, ಮೀರಿದರೆ 10. ನನ್ನ ಕಾರ್ಡ್ ತಗೊಂಡವರು 5 ರೂಪಾಯಿ ಸ್ಟಾಂಪ್ ಹಚ್ಚಿ ಹಾಕಿ, ಅತ್ತ ತಲುಪಿಸಿಕೊಂಡವರು ದಂಡ ಕಟ್ಟುವ ಹಾಗಾಗಬಾರದಲ್ಲ. 220ಕ್ಕೆ ಇಳಿಸಿದೆ. ಈಗ 19 ಗ್ರಾಂ. ಒಳಗೆ ಇನ್ನೊಂದು ಹಾಳೆ ಇಟ್ಟರೆ ಮಾತ್ರ ಮೀರುತ್ತದೆ, ಅದನ್ನು ಕೊಡುವಾಗಲೇ ಹೇಳುತ್ತೇನೆ.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಂದು ಕಾರ್ಡಿಗೆ ಸಾಮಾನಿನ ಖರ್ಚು ಸುಮಾರು 28 ರೂಪಾಯಿ, ಮಾರುವುದು 70ಕ್ಕೆ. ಅಂಗಡಿಯಲ್ಲಿಟ್ಟರೆ ಅವರಿಗೆ 20. ಗಂಟೆಗೆ ಆರು ಕಾರ್ಡ್ ಆಗುತ್ತದೆ. ಇದೊಂದರಿಂದಲೇ ಮನೆ ನಡೆಯುವುದಿಲ್ಲ. ತೋಟದ ಜೊತೆಗೆ ಇದು. ಪ್ರೆಸ್ಸಿನಲ್ಲಿ ಖರ್ಚು ಕಡಿಮೆ ಅನ್ನುವುದು ನಿಜ. ಮದುವೆ, ಗೃಹಪ್ರವೇಶ ಅಂತ ಒಂದೇ ತರದ್ದು ಐನೂರು ಬೇಕು ಅಂದವರಿಗೆ ನಾನೇ ಪ್ರೆಸ್ಸಿಗೆ ಹೋಗಿ ಅನ್ನುತ್ತೇನೆ. ಅಲ್ಲಿ ಅದೇ ಸರಿ.

ಸೋಮವಾರ ಶಿವಮೊಗ್ಗಕ್ಕೆ ಹೋಗುವುದಿದೆ. ಲಾಂಚ್ ನಾಲ್ಕೇ ಉಳಿದಿದೆ, ಅದಕ್ಕೆ ಹದಿನಾರು ಪ್ರಿಂಟ್. ಮಂಡಗದ್ದೆಯ ಹಕ್ಕಿಗಳದ್ದು ಹತ್ತು. ಹೊಸದಾಗಿ ಇಕ್ಕೇರಿಯ ನಂದಿಯದ್ದೊಂದು ತೆಗೆದಿದ್ದೇನೆ, ನೆರಳು ಸ್ವಲ್ಪ ಗಾಢವಾಯಿತೇನೋ ಅನ್ನಿಸುತ್ತಿದೆ. ಅದರದ್ದು ಒಂದೇ.