ಬೋಲ್ಟ್ ಬಿಗಿ ಮಾಡೋಕೆ ಮುಂಚೆ

ನಾನು ಟರ್ನರ್, ಅಂದರೆ ಲೋಹದ ತುಂಡನ್ನು ಲೇತ್ ಮಷೀನಿನಲ್ಲಿ ತಿರುಗಿಸಿ, ಹೆರೆದು ಅಳತೆಗೆ ತರುವವನು. 19 ವರ್ಷದಿಂದ ಲೇತ್ ಮುಂದೆ ನಿಂತೇ ದುಡಿದಿದ್ದೇನೆ. ಆದರೆ ಒಂದು ಲೇತನ್ನು ನೆಲದ ಮೇಲೆ ಕೂರಿಸುವ ಕೆಲಸ ಒಮ್ಮೆಯೂ ನನ್ನ ಕೈಗೆ ಬಂದಿರಲಿಲ್ಲ. ವರ್ಕ್‌ಶಾಪಿಗೆ ಹೊಸ ಮಷೀನು ಬಂದರೆ ಅದಕ್ಕೆಂದೇ ಬೇರೆ ಜನ ಬರುತ್ತಾರೆ. ಎರಡು ದಿನ ನೆಲಕ್ಕೆ ಮೂಗು ತಾಗಿಸಿಕೊಂಡು ಏನೋ ಮಾಡುತ್ತಾರೆ, ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಮೂರನೇ ದಿನ ನಾವು ಚಕ್‌ಗೆ (ತಿರುಗುವ ಹಿಡಿಗೆ) ಜಾಬ್, ಅಂದರೆ ತಿರುವಬೇಕಾದ ತುಂಡು, ಕಟ್ಟುತ್ತೇವೆ. ಆ ಎರಡು ದಿನ ಅವರು ಏನು ಮಾಡಿದರು ಅಂತ ನಾನು ಕೇಳಿದ್ದೇ ಇಲ್ಲ.

ಈ ವರ್ಷ ಮನೆಯಲ್ಲೇ ಒಂದು ಲೇತ್ ಇಟ್ಟುಕೊಳ್ಳೋಣ ಅನಿಸಿತು. ರಜೆಯ ದಿನ ನನ್ನದೇ ಚಿಕ್ಕಪುಟ್ಟ ಕೆಲಸ ಮಾಡಿಕೊಳ್ಳುವ ಆಸೆ, ಅಷ್ಟೇ. ಜಾಬನ್ನು ಎರಡೂ ತುದಿಯಲ್ಲಿ ಹಿಡಿಯುವ ಸೆಂಟರ್‌ಗಳ ನಡುವೆ ಒಂದು ಮೀಟರ್, ಕೆಳಗಿನ ಉದ್ದನೆಯ ಬೆಡ್ಡಿನಿಂದ ಸೆಂಟರ್ ಎತ್ತರ 165 ಮಿ.ಮೀ., ತೂಕ ಸುಮಾರು 500 ಕೆಜಿ. ಕಾರ್ಖಾನೆಯ ಲೆಕ್ಕದಲ್ಲಿ ಇದು ಮಗು. ಮನೆಯ ಬಾಗಿಲ ಲೆಕ್ಕದಲ್ಲಿ ಆನೆ.

ಬಾಗಿಲು ಅಳೆದಿದ್ದೆ. ಹಾದಿ ಅಳೆದಿದ್ದೆ. ತಿರುವಿನಲ್ಲಿ ಉದ್ದ ಹಿಡಿಯುತ್ತದಾ ಅಂತ ಅಷ್ಟೇ ಉದ್ದದ ಹಲಗೆ ಹಿಡಿದು ತಿರುಗಿಸಿಯೂ ನೋಡಿದ್ದೆ. ಆದರೆ ಅಳೆದದ್ದು ಮಷೀನಿನ ಲೆಕ್ಕಕ್ಕೆ. ಬಂದದ್ದು ಮರದ ಪೆಟ್ಟಿಗೆ, ಎರಡೂ ಪಕ್ಕ ಒಂದೊಂದು ಗೇಣು ಜಾಸ್ತಿ. ಗಾಡಿಯವರು ಇಳಿಸಿ ಹೊರಟೇಬಿಟ್ಟರು. ಅವರ ಕೆಲಸ ಬಾಗಿಲವರೆಗೆ ಮಾತ್ರ ಅಂತ ಚೀಟಿಯಲ್ಲೇ ಬರೆದಿತ್ತು. ಓದಿರಲಿಲ್ಲ, ತಪ್ಪು ನನ್ನದೇ. ಪೆಟ್ಟಿಗೆಯನ್ನು ಹೊರಗೇ ಬಿಚ್ಚಬೇಕಾಯಿತು. ಮೋಡ ಬೇರೆ ಕವಿದಿತ್ತು.

ನಮ್ಮ ವರ್ಕ್‌ಶಾಪಿನ ಹಿರಿಯ ಫಿಟ್ಟರ್ ಒಬ್ಬರಿದ್ದಾರೆ. ಎಲ್ಲರಿಗೂ ಅವರು ಅಣ್ಣ. ಫೋನ್ ಮಾಡಿದೆ. ಬರುವಾಗ ಕೈಯಲ್ಲಿ ಎರಡು ಹಾರೆ, ಹೆಗಲ ಮೇಲೆ ಮೂರು ತುಂಡು ಪೈಪು. ಬಂದವರು ಮಷೀನು ಮುಟ್ಟುವ ಮೊದಲು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಒಂದೇ ಮಾತು ಹೇಳಿದರು: "ವಾಲಿತು ಅಂದ್ರೆ ಹಿಡಿಯೋಕೆ ಹೋಗ್ಬೇಡಿ. ದೂರ ಓಡಿ. ಮಷೀನು ಇನ್ನೊಂದು ಬರುತ್ತೆ, ಕೈ ಬರಲ್ಲ."

ಲೇತಿನ ಭಾರ ನಡುಮಧ್ಯದಲ್ಲಿ ಇರುವುದಿಲ್ಲ. ಚಕ್ ತಿರುಗಿಸುವ ಹೆಡ್‌ಸ್ಟಾಕ್, ಗೇರ್‌ಬಾಕ್ಸ್, ಮೋಟಾರು ಎಲ್ಲ ಎಡಗಡೆಗೆ. ಬೆಲ್ಟನ್ನು ಮಧ್ಯಕ್ಕೆ ಕಟ್ಟಿ ಎತ್ತಿದರೆ ಎಡಗಡೆ ನೆಲದಲ್ಲೇ ಉಳಿದು ಬಲಗಡೆ ಮಾತ್ರ ಆಕಾಶ ನೋಡುತ್ತದೆ. ಅಣ್ಣ ಮೊದಲು ಟೇಲ್‌ಸ್ಟಾಕನ್ನು (ಜಾಬಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಬಲತುದಿಗೆ ದೂಡಿ ಬಿಗಿದರು. ಆಮೇಲೆ ಬೆಡ್ಡಿನ ಮೇಲಿನ ಗ್ರೀಸ್ ಒರೆಸಿ, ಕತ್ತರಿಸುವ ಟೂಲ್ ಹೊತ್ತು ಬೆಡ್ಡಿನ ಮೇಲೆ ಓಡುವ ಸ್ಯಾಡಲನ್ನೂ ಬಲಕ್ಕೆ ತಂದು ಲಾಕ್ ಮಾಡಿದರು. ಭಾರ ಎತ್ತುವ ಚೈನ್ ಬ್ಲಾಕಿಗೆ ಬೆಲ್ಟ್ ಹಾಕಿದ್ದು ಹೆಡ್‌ಸ್ಟಾಕಿನ ಪಕ್ಕದಲ್ಲಿ, ಬೆಡ್ಡಿನ ಕೆಳಗಿಂದ. ಬೆಲ್ಟ್ ಎಲ್ಲೂ ಲೀಡ್ ಸ್ಕ್ರೂಗೆ (ಥ್ರೆಡ್ ಹಾಕುವಾಗ ಸ್ಯಾಡಲನ್ನು ಎಳೆಯುವ ಉದ್ದನೆಯ ಸ್ಕ್ರೂ) ತಾಗದ ಹಾಗೆ ನಡುವೆ ಮರದ ತುಂಡು ಕೊಟ್ಟರು. ಲೀಡ್ ಸ್ಕ್ರೂ ನೋಡೋಕೆ ಗಟ್ಟಿ ಸರಳಿನ ಹಾಗೆ ಕಾಣುತ್ತದೆ. 500 ಕೆಜಿ ಹೊತ್ತ ಬೆಲ್ಟ್ ಅದನ್ನು ಒತ್ತಿದರೆ ಬಾಗದೆ ಇರುತ್ತಾ? ಬಾಗಿದ ಲೀಡ್ ಸ್ಕ್ರೂನಲ್ಲಿ ಮುಂದೆ ಥ್ರೆಡ್ ಹಾಕಿದಂತೆಯೇ ಸರಿ.

ಹೊಸ್ತಿಲು ದಾಟಿಸಿದ್ದು ಪೈಪುಗಳ ಮೇಲೆ. ಕೆಳಗೆ ದಪ್ಪ ಹಲಗೆ, ಹಲಗೆಯ ಮೇಲೆ ಪೈಪು, ಪೈಪಿನ ಮೇಲೆ ಮಷೀನು. ಹಿಂದಿನಿಂದ ಹೊರಬಂದ ಪೈಪನ್ನು ಎತ್ತಿ ಮುಂದಕ್ಕೆ ಇಡುವುದು. ಒಂದು ಹಂತದಲ್ಲಿ ಮುಂದಿನ ಪೈಪು ಹಲಗೆಯ ಅಂಚು ಹತ್ತಿ ನಿಂತಿತು. ಇಡೀ ಲೇತ್ ಬಲಕ್ಕೆ ಒಂದು ಬೆರಳಷ್ಟು ವಾಲಿ ಹಾಗೇ ನಿಂತುಬಿಟ್ಟಿತು. ಯಾರೂ ಉಸಿರೆತ್ತಲಿಲ್ಲ. ನನ್ನ ಕೈ ತಾನಾಗೇ ಮುಂದೆ ಹೋಯಿತು. ಅಣ್ಣ ಹಾರೆಯ ಹಿಂಬದಿಯಿಂದ ನನ್ನ ಮುಂಗೈಗೆ ಒಂದು ಕೊಟ್ಟರು. ಆಮೇಲೆ ನಿಧಾನವಾಗಿ ಅದೇ ಹಾರೆಯನ್ನು ಕೆಳಗೆ ತೂರಿಸಿ ಮಷೀನನ್ನು ನೆಟ್ಟಗೆ ಮಾಡಿದರು. ಮುಂಗೈ ಎರಡು ದಿನ ನೀಲಿಗಟ್ಟಿತ್ತು.

ಜಾಗಕ್ಕೆ ಬಂದಮೇಲೆ ತೊಳೆಯುವ ಕೆಲಸ. ತುಕ್ಕು ಹಿಡಿಯದಿರಲಿ ಅಂತ ಬಳಿದಿರುವ ಆ ಕಂದು ಗ್ರೀಸ್ ಅಂಟು ಬೆಲ್ಲದ ಪಾಕದ ಹಾಗಿರುತ್ತದೆ. ಸೀಮೆಎಣ್ಣೆ, ಬಟ್ಟೆ, ಹಳೆ ಬ್ರಷ್ಷು ಸಾಕು. ಥಿನ್ನರ್ ಹಾಕಿದರೆ ಬಣ್ಣವೂ ಎದ್ದು ಬರುತ್ತದೆ. ನೆನಪಿಡಬೇಕಾದದ್ದು ಒಂದೇ: ಒರೆಸುವವರೆಗೂ ಸ್ಯಾಡಲನ್ನು ಆ ಕಡೆ ಈ ಕಡೆ ಓಡಿಸಬಾರದು. ಗ್ರೀಸಿನಲ್ಲಿ ದಾರಿಯ ಧೂಳು, ಮರದ ಪುಡಿ ಎಲ್ಲ ಕೂತಿರುತ್ತದೆ. ಅದು ಸ್ಯಾಡಲಿನ ಅಡಿಗೆ ಹೋದರೆ ಬೆಡ್ಡಿಗೆ ಅರ ಹಾಕಿದ ಹಾಗೆ. ಅಣ್ಣ ಬೆಡ್ಡು ಒರೆಸದೆ ಸ್ಯಾಡಲಿಗೆ ಕೈ ಹಾಕದಿದ್ದದ್ದು ಇದಕ್ಕೇ. ಒರೆಸಿದ ತಕ್ಷಣ ಎಣ್ಣೆ ಸವರಿ. ಬರೀ ಬೀಡುಕಬ್ಬಿಣಕ್ಕೆ ಒಂದು ರಾತ್ರಿಯ ತೇವ ಸಾಕು, ಬೆಳಗ್ಗೆ ಕೆಂಪು ಚುಕ್ಕೆ ಬಂದಿರುತ್ತದೆ. ಗೇರ್‌ಬಾಕ್ಸಿನ ಎಣ್ಣೆಯ ಕಿಟಕಿಯನ್ನೂ ನೋಡಿ. ನನ್ನದು ಖಾಲಿ ಇತ್ತು. ಎಣ್ಣೆ ತೆಗೆದೇ ಕಳಿಸಿದ್ದರು.

ಕರೆಂಟಿನದು ಬೇಗ ಹೇಳಿಬಿಡುತ್ತೇನೆ. ಮೋಟಾರು ಮೂರು ಫೇಸಿನದು, ಮನೆಗೆ ಬರುವುದು ಸಿಂಗಲ್ ಫೇಸ್. ನಡುವೆ ಸಿಂಗಲ್ ಫೇಸನ್ನು ಮೂರು ಫೇಸ್ ಮಾಡಿ ಸ್ಪೀಡನ್ನೂ ಬದಲಿಸುವ ವಿಎಫ್‌ಡಿ ಡ್ರೈವ್ ಹಾಕಿಸಿದೆ. ಮೊದಲ ಸಲ ಆನ್ ಮಾಡಿದಾಗ ಚಕ್ ಉಲ್ಟಾ ತಿರುಗಿತು. ಜಾಬಿನ ಮೇಲ್ಭಾಗ ನಮ್ಮ ಕಡೆಗೆ ಬರಬೇಕು, ಅದು ಸರಿಯಾದ ದಿಕ್ಕು. ಡ್ರೈವಿನಿಂದ ಮೋಟಾರಿಗೆ ಹೋಗುವ ಮೂರರಲ್ಲಿ ಯಾವುದಾದರೂ ಎರಡು ವೈರ್ ಅದಲುಬದಲು ಮಾಡಿದರೆ ಸರಿಹೋಗುತ್ತದೆ. ನನ್ನ ಚಕ್ ಪಿನ್ನುಗಳಿಂದ ಲಾಕ್ ಆಗುವ ಕ್ಯಾಮ್‌ಲಾಕಿನದು, ಬಚಾವಾದೆ. ಥ್ರೆಡ್ಡಿನಲ್ಲಿ ಕೂರುವ ಚಕ್ ಆಗಿದ್ದರೆ ಉಲ್ಟಾ ತಿರುಗಿ ಬಿಚ್ಚಿಕೊಂಡು ಬರಬಹುದಿತ್ತು. ಹಾಗಾಗಿ ಮೊದಲ ಸಲ ಚಕ್ ತೆಗೆದಿಟ್ಟೇ ಆನ್ ಮಾಡುವುದು ಒಳ್ಳೆಯದು. ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ ಇಟ್ಟು, ಓಡುವಾಗ ಅದನ್ನು ಆಫ್ ಮಾಡಬೇಡಿ, ಡ್ರೈವ್ ಸುಡಬಹುದು. ಡ್ರೈವಿನಲ್ಲಿ ಸ್ಪೀಡ್ ಇಳಿಸಿದಾಗ ಮೋಟಾರಿನ ಫ್ಯಾನೂ ನಿಧಾನವಾಗುತ್ತದೆ. ಅದಕ್ಕೇ ದಪ್ಪ ಕಟ್ ಕೊಡುವಾಗ ಸ್ಪೀಡನ್ನು ಗೇರಿನಲ್ಲೇ ಇಳಿಸುತ್ತೇನೆ. ಮತ್ತೆ ಚಕ್ ಬಿಗಿಯುವ ಚಕ್ ಕೀ. ಕೈ ಬಿಡುವ ಮುಂಚೆ ಅದು ಚಕ್ಕಿನಿಂದ ಹೊರಗೆ ಬಂದಿರಬೇಕು. ಕಲಿಯುವ ಹುಡುಗರಿಗೆ ಇದನ್ನು ದಿನಾ ಹೇಳುವ ನಾನೇ ಮನೆಯಲ್ಲಿ ಮೊದಲ ಸಂಜೆ ಕೀಯನ್ನು ಚಕ್ಕಿನಲ್ಲೇ ಬಿಟ್ಟು ಬಟನ್ ಕಡೆ ಕೈ ಚಾಚಿದ್ದೆ. ಮನೆ ಅಂದ್ರೆ ಮೈಮರೆವು, ಅಲ್ವಾ?

ಅಣ್ಣ ಹೊರಡುವಾಗ, "ಬೋಲ್ಟ್ ಸುಮ್ನೆ ಕೈಯಲ್ಲಿ ಕೂರಿಸಿಡು, ಭಾನುವಾರ ಲೆವೆಲ್ ತರ್ತೀನಿ" ಅಂದಿದ್ದರು. ನನಗೆ ತಡೆಯಲಾಗಲಿಲ್ಲ. ನೋಡೋಕೆ ಬಂದವರೆಲ್ಲ ಸುತ್ತ ನಿಂತಿದ್ದರು. ಸ್ಪ್ಯಾನರ್ ತಗೊಂಡು ನಾಲ್ಕೂ ಕಾಲಿನ ಬೋಲ್ಟನ್ನು ಜಗ್ಗಿ ಬಿಗಿದೆ. ಮಷೀನು ಬಂಡೆಯ ಹಾಗೆ ನಿಂತಿತು. 50 ಮಿ.ಮೀ. ಸರಳು ಕಟ್ಟಿ, ಟೇಲ್‌ಸ್ಟಾಕ್ ಆಸರೆ ಇಲ್ಲದೆ 200 ಮಿ.ಮೀ. ಉದ್ದ ತಿರುವಿದೆ. ಮೇಲ್ಮೈ ಕನ್ನಡಿ. ಎಲ್ಲರೂ ಮೆಚ್ಚಿಕೊಂಡು ಹೋದರು. ಆಮೇಲೆ ಮೈಕ್ರೊಮೀಟರ್ ಹಿಡಿದೆ. ಚಕ್ ಪಕ್ಕದಲ್ಲಿ ಒಂದು ಅಳತೆ, ತುದಿಯಲ್ಲಿ 0.05 ಮಿ.ಮೀ. ಜಾಸ್ತಿ. ಮತ್ತೆ ಸಣ್ಣ ಕಟ್ ಕೊಟ್ಟೆ. ಅದೇ 0.05.

ಮಿಲಿಮೀಟರಿನ ನೂರು ಭಾಗದಲ್ಲಿ ಐದು ಅಂದರೆ ಕೂದಲಿನ ದಪ್ಪವೂ ಇಲ್ಲ ಅನ್ನಬಹುದು. ಆದರೆ ಬೇರಿಂಗ್ ಕೂರುವ ಜಾಗದಲ್ಲಿ ಅಷ್ಟು ವ್ಯತ್ಯಾಸ ಬಂದರೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ. ರಾತ್ರಿ ಕೂತು ಮಾರಿದವರಿಗೆ ಉದ್ದನೆಯ ಮೆಸೇಜ್ ಬರೆದೆ. ಹೆಡ್‌ಸ್ಟಾಕ್ ಜೋಡಣೆಯೇ ತಪ್ಪು, ವಾಪಸ್ ತಗೊಳ್ಳಿ, ಅದು ಇದು. ಕಳಿಸುವ ಮುಂಚೆ ಅಣ್ಣನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ. "ಬೋಲ್ಟ್ ಬಿಗಿ ಮಾಡಿದ್ಯಾ?"

ಭಾನುವಾರ ಬಂದವರು ಹೆಡ್‌ಸ್ಟಾಕಿನ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಹೊಟ್ಟೆ ಕೊಟ್ಟು ಮಲಗಿದರು. ನಾಲ್ಕೂ ಬೋಲ್ಟನ್ನು ಸಡಿಲಿಸಿ ಒಂದೊಂದು ಕಾಲಿನ ಕೆಳಗೂ ಸಂದು ಅಳೆಯುವ ತೆಳು ಎಲೆಗಳ ಫೀಲರ್ ಗೇಜ್ ತೂರಿಸಿ ನೋಡಿದರು. ಮೂರು ಕಾಲು ನೆಲಕ್ಕೆ ಕೂತಿದ್ದವು. ಟೇಲ್‌ಸ್ಟಾಕ್ ಕಡೆಯ ಮುಂದಿನ, ಅಂದರೆ ನಾವು ನಿಲ್ಲುವ ಪಕ್ಕದ, ಕಾಲಿನಡಿ 0.30 ಮಿ.ಮೀ. ಎಲೆ ಸಲೀಸಾಗಿ ಹೋಯಿತು. ನಾನು ಬೋಲ್ಟ್ ಬಿಗಿದಾಗ ಆ ಕಾಲು ಅಷ್ಟೂ ಕೆಳಗಿಳಿದಿತ್ತು. ಅದರ ಜೊತೆ ಬೆಡ್ಡೂ ತಿರುಚಿಕೊಂಡಿತ್ತು, ಒದ್ದೆ ಬಟ್ಟೆ ಹಿಂಡಿದ ಹಾಗೆ.

ಬೀಡುಕಬ್ಬಿಣದ ಬೆಡ್ಡು ತಿರುಚುತ್ತಾ ಅಂತ ನಾನೂ ಕೇಳಿದೆ. ಒಂದು ಸ್ಪ್ಯಾನರ್ ಸಾಕಂತೆ. ಲೆಕ್ಕ ಹೀಗೆ. ಬೆಡ್ಡಿನ ಮೇಲೆ ಸ್ಯಾಡಲ್ ಓಡುವ ಹಳಿಗಳಲ್ಲಿ ಮುಂದಿನದು ತುದಿಯಲ್ಲಿ ತಗ್ಗಾದರೆ, ಅದರ ಮೇಲೆ ಕೂತ ಸ್ಯಾಡಲ್ ನಮ್ಮ ಕಡೆಗೆ ವಾಲುತ್ತದೆ. ಟೂಲ್ ಇರುವುದು ಬೆಡ್ಡಿನಿಂದ 165 ಮಿ.ಮೀ. ಮೇಲೆ. ಕೆಳಗೆ ಕಣ್ಣಿಗೆ ಕಾಣದ ವಾಲಿಕೆ ಮೇಲೆ ಹೋಗುತ್ತಾ ಟೂಲನ್ನು ಜಾಬಿನಿಂದ ಹಿಂದಕ್ಕೆ ಎಳೆಯುತ್ತದೆ. ಅಡ್ಡಕ್ಕೆ ಮೀಟರಿಗೆ 1 ಮಿ.ಮೀ. ಲೆಕ್ಕದಲ್ಲಿ ವಾಲಿದರೂ ಸಾಕು, ಬೆಡ್ಡಿನ ತುದಿಯಲ್ಲಿ ಟೂಲ್ 0.16ರಷ್ಟು ಹಿಂದೆ ಸರಿದಿರುತ್ತದೆ. ಬೆಡ್ಡು ಮೀಟರಿಗಿಂತ ಉದ್ದ, ಹಾಗಾಗಿ ನನ್ನ 200 ಮಿ.ಮೀ. ಸರಳಿನ ಪಾಲಿಗೆ ಅದರಲ್ಲಿ ಸುಮಾರು ಆರನೇ ಒಂದು ಭಾಗ. ವ್ಯಾಸದಲ್ಲಿ ಅದು ಎರಡರಷ್ಟಾಗಿ ಕಾಣುತ್ತದೆ. ಹೆಚ್ಚುಕಡಿಮೆ ನನ್ನ 0.05 ಅಲ್ಲೇ ಸಿಕ್ಕಿತು.

ಅಣ್ಣನ ಲೆವೆಲ್ ನಮ್ಮ ಗಾರೆ ಕೆಲಸದ್ದಲ್ಲ. ಒಂದು ಗೆರೆ ಅಂದರೆ ಮೀಟರಿಗೆ 0.02 ಮಿ.ಮೀ. ಕೈಯ ಬಿಸಿ ತಾಗಿದರೂ ಗುಳ್ಳೆ ಸರಿಯುತ್ತದೆ, ಅದಕ್ಕೇ ಇಟ್ಟು ಸ್ವಲ್ಪ ಹೊತ್ತು ಬಿಟ್ಟು ಓದಬೇಕು. ಬೆಡ್ಡಿಗೆ ಅಡ್ಡಲಾಗಿ ಮೊದಲು ಚಕ್ ಹತ್ತಿರ ಇಟ್ಟರು, ಆಮೇಲೆ ಟೇಲ್‌ಸ್ಟಾಕ್ ತುದಿಯಲ್ಲಿ. ನನಗೆ ಹೊಸದಾಗಿ ಗೊತ್ತಾದದ್ದು ಏನೆಂದರೆ, ಗುಳ್ಳೆ ನಟ್ಟನಡುವೆ ಬರಲೇಬೇಕು ಅಂತಿಲ್ಲ. ಎರಡೂ ಕಡೆ ಒಂದೇ ಗೆರೆಯಲ್ಲಿ ನಿಲ್ಲಬೇಕು. ಹಡಗುಗಳಲ್ಲೂ ಲೇತ್ ಇರುತ್ತದೆ. ಅಲೆಯ ಮೇಲೆ ಯಾವ ಲೆವೆಲ್ಲು? ಇಡೀ ಮಷೀನು ಒಟ್ಟಿಗೆ ವಾಲಿದರೆ ಟೂಲಿಗೂ ಜಾಬಿಗೂ ಗೊತ್ತೇ ಆಗುವುದಿಲ್ಲ. ಬೆಡ್ಡು ತಿರುಚಬಾರದು, ಅಷ್ಟೇ.

ಆ ಕಾಲಿನಡಿಗೆ 0.30 ದಪ್ಪದ ತಗಡು, ಅಂದರೆ ಶಿಮ್, ಕೊಟ್ಟೆವು. ಬೋಲ್ಟನ್ನು ಕಾಲು ಸುತ್ತು ಬಿಗಿಯುವುದು, ಗುಳ್ಳೆ ನೋಡುವುದು, ಮತ್ತೆ ಕಾಲು ಸುತ್ತು. ಬಿಗಿದಾಗ ಗುಳ್ಳೆ ಸರಿದರೆ ಅಲ್ಲಿ ಇನ್ನೂ ಸಂದು ಇದೆ ಅಂತ ಅರ್ಥ. ಬಿಚ್ಚಿ, ತೆಳು ಶಿಮ್ ಸೇರಿಸಿ, ಮತ್ತೆ. ಸಂದನ್ನು ತುಂಬುವುದು ಶಿಮ್ಮಿನ ಕೆಲಸ. ನಾನು ಅದನ್ನು ಬೋಲ್ಟಿಗೆ ಒಪ್ಪಿಸಿದ್ದೆ. ಮೂರು ಗಂಟೆ ಹಿಡಿಯಿತು. ವರ್ಕ್‌ಶಾಪಿಗೆ ಬರುವವರ ಆ ಎರಡು ದಿನ ಎಲ್ಲಿ ಹೋಗುತ್ತವೆ ಅಂತ ಆಗ ಗೊತ್ತಾಯಿತು.

ಕೊನೆಯ ತೀರ್ಪು ಲೆವೆಲ್ಲಿನದಲ್ಲ, ಜಾಬಿನದು. ಅದೇ 50ರ ಸರಳಿನ ಎರಡು ತುದಿಯಲ್ಲಿ ಉಂಗುರದಷ್ಟು ಅಗಲ ಬಿಟ್ಟು, ನಡುವಿನ ಭಾಗವನ್ನು ತಗ್ಗಿಸಿದೆವು. ಹರಿತವಾದ ಟೂಲ್, 0.1 ಕಟ್, ಸಣ್ಣ ಫೀಡ್. ಟೂಲಿನ ಡಯಲ್ ಮುಟ್ಟದೆ ಎರಡೂ ಉಂಗುರವನ್ನು ಒಂದೇ ಓಟದಲ್ಲಿ ತಿರುವಿದೆವು. ಮೊದಲ ಸಲ 0.02 ವ್ಯತ್ಯಾಸ, ತುದಿಯೇ ದಪ್ಪ. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲನ್ನು ಒಂದು ಎಳೆಯಷ್ಟು ಎತ್ತಿದೆವು. ತುದಿ ತೆಳುವಾಗಿದ್ದರೆ ಅದನ್ನೇ ಇಳಿಸಬೇಕಿತ್ತು. ಮತ್ತೆ ಓಟ. ಮೈಕ್ರೊಮೀಟರ್ ಅಣ್ಣನ ಕೈಗೇ ಕೊಟ್ಟೆ. ಅವರು ಎರಡೆರಡು ಸಲ ಅಳೆದು, "ಒಂದು ನೂರು ಇಲ್ಲ" ಅಂದರು. ಅಂದರೆ 0.01ಕ್ಕಿಂತ ಕಡಿಮೆ. ಮೆಸೇಜ್ ಅಳಿಸಿದೆ.

ಒಂದು ವಾರ ಕೆಳಗಿನ ಸ್ಪೀಡಿನಿಂದ ಮೇಲಿನ ಸ್ಪೀಡಿನವರೆಗೆ ಖಾಲಿ ಓಡಿಸಿ, ಬೇರಿಂಗ್ ಎಷ್ಟು ಬಿಸಿಯಾಗುತ್ತದೆ ಅಂತ ಕೈಯಿಟ್ಟು ನೋಡಿದೆ. ಆಮೇಲೆ ಹೆಡ್‌ಸ್ಟಾಕಿನ ಎಣ್ಣೆ ಬಸಿದು ಹೊಸದು ಹಾಕಿದೆ. ಬಸಿದ ಎಣ್ಣೆಯಲ್ಲಿ ಮಿಂಚುವ ಸಣ್ಣ ಪುಡಿ ಇತ್ತು. ಹೊಸ ಗೇರು ಅಂದ್ರೆ ಹಾಗೇ.

ಈಗ ವರ್ಕ್‌ಶಾಪಿನ ವಿಷಯ. ನಮ್ಮಲ್ಲಿ ಮೂಲೆಯ ಒಂದು ಲೇತ್ ಇದೆ. "ಅದು ಟೇಪರ್ ಹೊಡೆಯುತ್ತೆ", ಅಂದರೆ ಜಾಬಿನ ಒಂದು ತುದಿ ದಪ್ಪ ಬರುತ್ತದೆ, ಅನ್ನುವುದು ನಾನು ಸೇರಿದ ದಿನದಿಂದ ಕೇಳುತ್ತಿರುವ ಮಾತು. ಹೊಸ ಹುಡುಗರಿಗೆ ನಾನೂ ಅದನ್ನೇ ಹೇಳಿಕೊಟ್ಟಿದ್ದೇನೆ. ತುದಿಗೆ ಬರುವಾಗ ಟೂಲ್ ಒಳಗೆ ಹೊರಗೆ ಸರಿಸುವ ಕ್ರಾಸ್ ಸ್ಲೈಡನ್ನು ಒಂದು ಎಳೆ ಒಳಗೆ ತಗೋ, ಉಳಿದದ್ದಕ್ಕೆ ಎಮರಿ ಕಾಗದ ಹಿಡಿ, ಅಂತ. ಅದನ್ನು ಕೈಚಳಕ ಅಂತ ಹೆಮ್ಮೆಪಟ್ಟುಕೊಂಡದ್ದೂ ಇದೆ. ಸೋಮವಾರ ಬೆಳಗ್ಗೆ ಸೈರನ್ ಆಗುವ ಮುಂಚೆ ಹೋಗಿ ಅದರ ಟೇಲ್‌ಸ್ಟಾಕ್ ಕಡೆ ಮಲಗಿದೆ. ವರ್ಷಗಳ ಕೂಲಂಟ್, ಎಣ್ಣೆ, ಕಬ್ಬಿಣದ ಸಿಪ್ಪೆ ಸೇರಿ ಕಾಲಿನ ಸುತ್ತ ಗಟ್ಟಿಯಾಗಿತ್ತು. ಸ್ಕ್ರೂಡ್ರೈವರಿನಲ್ಲಿ ಕೆರೆದೆ. ಮುಂದಿನ ಕಾಲಿನ ಪಕ್ಕದಲ್ಲಿ ಕಪ್ಪಗಿನ ತಗಡಿನ ಒಂದು ಮೂಲೆ ಹೊರಗೆ ಇಣುಕುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದೆ. ಯಾರೋ ಎಂದೋ ಕೊಟ್ಟ ಶಿಮ್, ಪೂರ್ತಿಯಾಗಿ ಕೈಗೆ ಬಂತು.

ಅದನ್ನು ಒರೆಸಿ ಅಣ್ಣನ ಬೆಂಚಿನ ಮೇಲೆ ಇಟ್ಟೆ. ಅವರು ಮೈಕ್ರೊಮೀಟರಿನಲ್ಲಿ ಅದರ ದಪ್ಪ ಅಳೆದರು. ಆಮೇಲೆ ನನ್ನ ಕಡೆ ನೋಡಿ, "ಲೆವೆಲ್ ಮನೇಲಿದೆ, ನಾಳೆ ತರ್ತೀನಿ. ಅಲ್ಲೀವರೆಗೂ ಸ್ಪ್ಯಾನರ್ ಮುಟ್ಬೇಡ" ಅಂದರು.