ಹೆಡ್‌ಫೋನ್ ಹಾಕಿಕೊಂಡು ಶಬ್ದ ಕೇಳಿದರೆ ಡಿಪ್ರೆಶನ್ ಹೋಗುತ್ತಾ?

ಕಾಲೇಜು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗ ಹುಡುಗಿಯರು ಹೆಚ್ಚಾಗಿ ಕೇಳುವುದು ಇದನ್ನೇ: "ಮಾತ್ರೆ ಬೇಡ, ಬೈನಾರಲ್ ಬೀಟ್ಸ್ ಕೇಳಿದರೆ ಸಾಕಾಗಲ್ವಾ?" ಬೈನಾರಲ್ ಬೀಟ್ಸ್ ಅಂದರೆ ಎರಡು ಕಿವಿಗೆ ತುಸು ಬೇರೆ ಬೇರೆ ಸ್ವರ ಕೊಡುವ ಶಬ್ದ. ಅದಷ್ಟೇ ಸಾಕಾಗುವುದಿಲ್ಲ. ಚಿಕಿತ್ಸೆಯ ಜೊತೆಗೆ ಕೇಳಿದರೆ ಮನಸ್ಸು ಒಂದಿಷ್ಟು ಹೊತ್ತು ಹಗುರಾಗಬಹುದು, ಅದೂ ಸರಿಯಾಗಿ ಕೇಳಿದರೆ.

ತಂಬೂರಿಯ ಎರಡು ತಂತಿ ಕೂದಲೆಳೆಯಷ್ಟು ಶ್ರುತಿ ತಪ್ಪಿದಾಗ ನಾದ ಅಲೆಯಲೆಯಾಗಿ ಕೇಳುತ್ತದಲ್ಲ, ಆ ಅಲೆ ಗಾಳಿಯಲ್ಲೇ ಏಳುತ್ತದೆ. ಬೈನಾರಲ್ ಬೀಟ್ಸ್ ಹಾಗಲ್ಲ. ಎಡಗಿವಿಗೆ 200 ಹರ್ಟ್ಸ್ (ಸೆಕೆಂಡಿಗೆ 200 ಕಂಪನ), ಬಲಗಿವಿಗೆ 210 ಹರ್ಟ್ಸ್ ಸ್ವರ ಕೊಟ್ಟಾಗ ಸೆಕೆಂಡಿಗೆ 10 ಸಲ ಮಿಡಿಯುವ ಅಲೆ ಮಿದುಳಿನೊಳಗೇ ಹುಟ್ಟುತ್ತದೆ. ಅದಕ್ಕೇ ಒಂದೇ ಇಯರ್‌ಬಡ್ ಸಿಕ್ಕಿಸಿಕೊಂಡರೆ ಏನೂ ಆಗದು. ಫೋನಿನಲ್ಲಿ 'ಮೋನೋ ಆಡಿಯೋ' ಆನ್ ಆಗಿದ್ದರೂ ಎರಡು ಸ್ವರ ಮೊದಲೇ ಬೆರೆತುಹೋಗುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಮ್ಮೆ ನೋಡಿಕೊಳ್ಳಿ.

ಮೆಟ್ರೋದಲ್ಲಿ ಕೇಳಬೇಡಿ. ಗದ್ದಲ ಮುಚ್ಚಲು ವಾಲ್ಯೂಮ್ ಏರಿಸುತ್ತೀರಿ, ಕಿವಿ ಹಾಳಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ. ಗಾಡಿ ಓಡಿಸುವಾಗಂತೂ ಬೇಡವೇ ಬೇಡ. ಮನೆಯಲ್ಲಿ, ದಿನಾ ಒಂದೇ ಹೊತ್ತಿಗೆ, 20 ನಿಮಿಷ, ಪಕ್ಕದವರ ಮಾತು ಕೇಳಿಸುವಷ್ಟು ಸಣ್ಣ ದನಿಯಲ್ಲಿ ಸಾಕು. ಮೂರ್ಛೆರೋಗ ಇದ್ದರೆ ಡಾಕ್ಟರನ್ನು ಕೇಳದೆ ಶುರುಮಾಡಬೇಡಿ.

ಹಾಡು ಕೇಳುವವರು ಎಡವುವುದು ಬೇರೆ ಕಡೆ. ರಾತ್ರಿ ಒಂದೇ ದುಃಖದ ಹಾಡನ್ನು ಹತ್ತು ಸಲ ಹಾಕಿಕೊಂಡರೆ ಹಳೇ ಯೋಚನೆಯ ಸುಳಿ ಇನ್ನೂ ಆಳವಾಗುತ್ತದೆ. ಕೇಳಿ ಮುಗಿದಾಗ ಮನಸ್ಸು ಮೊದಲಿಗಿಂತ ಭಾರವೆನಿಸಿದರೆ ಆ ಹಾಡುಗಳ ಪಟ್ಟಿ ಅಳಿಸಿಬಿಡಿ.

ಆಧಾರ ಎಷ್ಟಿದೆ? ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 9 ಅಧ್ಯಯನಗಳ 421 ಜನರನ್ನು ನೋಡಿ, ಮಾಮೂಲಿ ಚಿಕಿತ್ಸೆಗೆ ಸಂಗೀತ ಚಿಕಿತ್ಸೆ ಸೇರಿಸಿದರೆ ಅಲ್ಪಾವಧಿಯಲ್ಲಿ ಖಿನ್ನತೆ ತಗ್ಗುತ್ತದೆ ಎಂದಿತು. ಆ್ಯಪ್‌ನಲ್ಲಿ ಸಿಗುವ ಬೀಟ್ಸ್‌ಗೆ ಅಷ್ಟು ಗಟ್ಟಿ ಆಧಾರವಿಲ್ಲ. ಮಾತ್ರೆ ಗುಣ ತೋರಿಸಲು ಕೆಲವು ವಾರ ಬೇಕು. ಆ ಮಧ್ಯೆ "ಬೀಟ್ಸ್‌ನಿಂದಲೇ ನಿದ್ದೆ ಬರ್ತಿದೆ" ಎಂದು ಮಾತ್ರೆ ಬಿಡುವುದು ನಮ್ಮನ್ನು ತುಂಬಾ ಕಳವಳಕ್ಕೀಡುಮಾಡುವ ತಪ್ಪು.

ಎರಡು ವಾರಕ್ಕೊಮ್ಮೆ ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಪ್ರಶ್ನಾವಳಿ ತುಂಬಿ, ಅಂಕ ಬರೆದಿಡಿ. ಒಟ್ಟು 27ರಲ್ಲಿ 10 ಅಥವಾ ಹೆಚ್ಚು ಬಂದರೆ ಮನೋವೈದ್ಯರನ್ನು ಕಾಣಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನೇ ಬಂದರೂ ಹೆಡ್‌ಫೋನ್ ತೆಗೆದಿಟ್ಟು ಅವತ್ತೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ; ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಇರಲು ಭಯವಾದರೆ ಮನೆಯವರನ್ನೋ ರೂಮ್‌ಮೇಟನ್ನೋ ಕರೆದುಕೊಂಡು ನೇರ ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಎಮರ್ಜೆನ್ಸಿಗೆ ಹೋಗಿ. ಅದು ರಾತ್ರಿಯೂ ತೆರೆದಿರುತ್ತದೆ.