‘ಹೂಮಳೆ ಬರಲಿ, ನೋಡೋಣ’ ಅಂದ ಬೋರರ್ ಕೆಲಸ

ಕಾಫಿ ತೋಟದ ಆಳು-ಲೆಕ್ಕ ನೋಡಿಕೊಳ್ಳುವ ರೈಟರ್‌ಗೆ ಮುಂದೂಡಲಾಗದ ಕೆಲಸಗಳೇ ಜಾಸ್ತಿ. ಕುಯ್ದ ಹಣ್ಣು ಅವತ್ತೇ ಸಿಪ್ಪೆ ಬಿಡಿಸುವ ಪಲ್ಪರ್‌ಗೆ ಹೋಗಬೇಕು, ಬಟವಾಡೆ ದಿನ ತಪ್ಪುವಂತಿಲ್ಲ. ತಡವಾದರೆ ಸಂಜೆಯೊಳಗೆ ಯಾರಾದರೂ ಕೇಳುತ್ತಾರೆ. ಬೋರರ್, ಅಂದರೆ ಕಾಂಡ ಕೊರೆಯುವ ಹುಳು, ಬಿದ್ದ ಗಿಡ ಹುಡುಕಿ ಕೀಳುವುದನ್ನು ಮಾತ್ರ ಯಾರೂ ಕೇಳುವುದಿಲ್ಲ. ಮಾರ್ಚ್‌ನಲ್ಲಿ ಮೂಡಿಗೆರೆ, ಆಲ್ದೂರು ಕಡೆ ಎಲ್ಲರ ಕಣ್ಣೂ ಆಕಾಶದ ಮೇಲೆ, ಕಾಫಿ ಹೂ ಅರಳಿಸುವ ಮಳೆಗಾಗಿ. ‘ಹೂಮಳೆ ಬರಲಿ, ನೋಡೋಣ’ ಅನ್ನುವಷ್ಟರಲ್ಲಿ ಏಪ್ರಿಲ್ ಬಂದು, ಹುಳು ದುಂಬಿಯಾಗಿ ಹಾರಲು ಶುರು. ಆಮೇಲೆ ಕಿತ್ತರೂ ಮೊಟ್ಟೆ ಪಕ್ಕದ ಗಿಡ ಸೇರಿರುತ್ತದೆ.

ಸೋಮಾರಿತನ ಅಂತ ಹೆಸರಿಡುವ ಮೊದಲು ಲೆಕ್ಕ ಹಾಕಿ. 6 ಅಡಿಗೆ 6 ಅಡಿ ಅರೇಬಿಕಾ ಎಕರೆಗೆ 1210 ಗಿಡ, 5 ಎಕರೆಗೆ 6050. ‘ಇಡೀ ಬ್ಲಾಕ್ ನೋಡಬೇಕು’ ಅಂದರೆ ಕಾಲೇ ಏಳದು. ದಿನಕ್ಕೆ 200, ಗಿಡಕ್ಕೆ 15 ಸೆಕೆಂಡಿನಂತೆ 50 ನಿಮಿಷ. ಭಾನುವಾರ ಬಿಟ್ಟು ಐದು ವಾರ ಬೇಕು, ಹಾಗಾಗಿ ಫೆಬ್ರವರಿ ಕೊನೆಯ ವಾರವೇ ಇಳಿಯಬೇಕು.

ಅಲಾರಂ ನಂಬಬೇಡಿ. ಆಳು ಹಂಚುವ ಗಡಿಬಿಡಿಯಲ್ಲಿ ಹೊಡೆಯುತ್ತದೆ, ಬೆರಳು ಆಫ್ ಮಾಡುತ್ತದೆ, ಮುಗಿಯಿತು. ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡುವುದು ಹೇಗೂ ರೂಢಿ. ಮಳೆ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆದ ಕೂಡಲೇ ಸುಣ್ಣದ ಡಬ್ಬ ಹಿಡಿದು ಅಲ್ಲಿಂದಲೇ ಸಾಲಿಗೆ ಇಳಿಯಿರಿ. ಡಬ್ಬ ಮಾಪಕದ ಪಕ್ಕದಲ್ಲೇ ಇರಲಿ. ಗೋದಾಮಿನಲ್ಲಿಟ್ಟರೆ ಬೀಗದ ಕೈ ಹುಡುಕುವುದೇ ನೆಪವಾಗುತ್ತದೆ. ಅವತ್ತು ನೋಡಿ ನಿಲ್ಲಿಸಿದ ಕೊನೆಯ ಗಿಡಕ್ಕೆ ಸುಣ್ಣದ ಗುರುತು ಹಾಕಿದರೆ ನಾಳೆ ಎಲ್ಲಿಂದ ಅಂತ ಯೋಚಿಸಬೇಕಿಲ್ಲ. ವಾಪಸ್ ಬಂದು ಮಳೆ ಬರೆದ ಸಾಲಿನಲ್ಲೇ ಎರಡು ಅಂಕಿ: ನೋಡಿದ್ದು, ಸಿಕ್ಕಿದ್ದು. ಸಿಗದಿದ್ದರೆ 0 ಬರೆಯಿರಿ, ಖಾಲಿ ಬಿಟ್ಟರೆ ಹೋಗಿಲ್ಲ ಅಂತಲೇ ಅರ್ಥ.

ಒಂದು ದಿನ ತಪ್ಪಿದರೆ ಮರುದಿನ 400 ಬೇಡ. ಆತುರದಲ್ಲಿ ಹಳದಿ ಎಲೆ ಮಾತ್ರ ಕಣ್ಣಿಗೆ ಬೀಳುತ್ತದೆ, ಕೈ ಕಾಂಡ ಮುಟ್ಟುವುದಿಲ್ಲ. ಹುಳು ಕೊರೆದ ಕಡೆ ತೊಗಟೆಯ ಮೇಲೆ ಏಳುವ ಉಬ್ಬು ಗೆರೆ ಸವರಿದರೇ ಗೊತ್ತಾಗುವುದು. ನೆರಳು ತೆಳುವಾಗಿ ಬಿಸಿಲು ಬೀಳುವ ಜಾಗದಿಂದ ಶುರು ಮಾಡಿ, ದುಂಬಿಗೆ ಅದೇ ಇಷ್ಟ.

ಕಿತ್ತ ಗಿಡ ಅವತ್ತೇ ಸುಡಿ. ಹುಳು ಬೇರಿನವರೆಗೂ ಇಳಿದಿರುತ್ತದೆ, ಬುಡ ಬಿಡಬೇಡಿ. ಸೌದೆಗೆ ಅಂತ ಆಳುಗಳ ಲೈನ್ ಮನೆ ಹಿಂದೆ ಒಟ್ಟಿದರೆ ಒಣಕಾಂಡದೊಳಗೇ ಬೆಳೆದು ದುಂಬಿಯಾಗಿ ಹೊರಬರುತ್ತದೆ.

ಅಕ್ಟೋಬರ್-ಡಿಸೆಂಬರ್ ಹಾರಾಟಕ್ಕೆ ಮುಂಚೆ, ಸೆಪ್ಟೆಂಬರ್‌ನಲ್ಲಿ ಇನ್ನೊಂದು ಸುತ್ತು. ಆಗ ಸುಣ್ಣ ಮಳೆಗೆ ತೊಳೆದುಹೋಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಕಟ್ಟಿ.